ವಚನಕ್ಕೆ ಎರಡನೆಯ ದನಿ ಸೇರಿಸಬಹುದೇ?

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮದೊಂದು ಭಜನಾ ಮಂಡಳಿ ಇದೆ. ಹದಿನೆಂಟು ಹೆಣ್ಣುಮಕ್ಕಳು, ಆರು ಗಂಡಸರು. ವಚನಗಳನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತ ಬಂದಿದ್ದೇವೆ. ಈಚೆಗೆ ಮಗಳು ಮೊಬೈಲಿನಲ್ಲಿ ಯುರೋಪಿನ ಕಾಯರ್‌ಗಳ ಹಾಡು ಕೇಳಿಸಿದಳು. ಒಂದು, ಹನ್ನೆರಡನೆಯ ಶತಮಾನದ ಸನ್ಯಾಸಿನಿ ಹಿಲ್ಡೆಗಾರ್ಡ್ ಅವರದು. ಇನ್ನೊಂದು, ನಮ್ಮ ಕಾಲದ ಆರ್ವೊ ಪ್ಯಾರ್ಟ್ ಎಂಬುವರದು. ಹಳೆಯ ಭಕ್ತಿಪದಗಳನ್ನು ಅವರು ಮೂರು ನಾಲ್ಕು ದನಿಗಳಲ್ಲಿ ಹೊಸದಾಗಿ ಹಾಡಬಹುದಾದರೆ ಬಸವಣ್ಣನವರ ವಚನವನ್ನು ನಾವೇಕೆ ಹಾಗೆ ಹಾಡಬಾರದು? ರಾಗ ಕೆಡುತ್ತದೆ ಎಂದು ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರರು ಹೇಳುತ್ತಾರೆ. ಎಲ್ಲಿಂದ ಶುರು ಮಾಡುವುದು? ಗೋಲಗುಮ್ಮಟದಲ್ಲಿ ಒಮ್ಮೆ ಹಾಡಬೇಕೆಂಬ ಆಸೆಯೂ ಇದೆ.
ನಿವೃತ್ತ ಶಿಕ್ಷಕಿ, ಜಮಖಂಡಿ

ಉತ್ತರ: ಅಕ್ಕೋರೆ, ಧಾರಾಳವಾಗಿ ಹಾಡಬಹುದು. ಪೇಟಿ ಮಾಸ್ತರರ ಆತಂಕಕ್ಕೂ ಆಧಾರವಿದೆ, ಅದನ್ನು ಬದಿಗೆ ಸರಿಸುವುದು ಬೇಡ. ಮೊದಲು ನಿಮ್ಮ ಮಗಳು ಕೇಳಿಸಿದ ಹಾಡುಗಳ ಒಳಗೆ ಏನಿದೆ ಎಂದು ನೋಡೋಣ. ಅಲ್ಲಿಂದ ಏನು ತರಬೇಕು, ಏನು ತರಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಹಿಲ್ಡೆಗಾರ್ಡ್ ಹುಟ್ಟಿದ್ದು 1098ರಲ್ಲಿ, ತೀರಿಕೊಂಡದ್ದು 1179ರಲ್ಲಿ. ಕಲ್ಯಾಣದಲ್ಲಿ ಶರಣರು ಕೂಡಿದ್ದ ಅದೇ ಶತಮಾನದಲ್ಲಿ ಜರ್ಮನಿಯ ರೈನ್ ನದಿಯ ದಂಡೆಯಲ್ಲಿ ಈ ತಾಯಿ ತಮ್ಮ ಮಠದ ಸನ್ಯಾಸಿನಿಯರಿಗಾಗಿ ಲ್ಯಾಟಿನ್‌ನಲ್ಲಿ ಪದ ಕಟ್ಟಿ, ಸ್ವರ ಹಾಕಿ, ಹಾಡಿಸುತ್ತಿದ್ದರು. ಎಪ್ಪತ್ತಕ್ಕೂ ಹೆಚ್ಚು ಹಾಡುಗಳು ಸ್ವರಲಿಪಿಯ ಸಮೇತ ಉಳಿದಿವೆ. ಆ ಹಸ್ತಪ್ರತಿಗಳಲ್ಲಿ ಇರುವುದು ಒಂದೇ ಸ್ವರಸಾಲು. ಎರಡನೆಯ ದನಿಯನ್ನು ಅವರು ಬರೆದಿಲ್ಲ, ವಾದ್ಯವನ್ನೂ ಬರೆದಿಲ್ಲ. ಧ್ವನಿಮುದ್ರಿಕೆಗಳಲ್ಲಿ ತಳದಲ್ಲಿ ಗುಂಯ್ ಎನ್ನುವ ಶ್ರುತಿ ಕೇಳುತ್ತದಲ್ಲ, ಅದನ್ನು ನಮ್ಮ ಕಾಲದ ಗಾಯಕರು ಸೇರಿಸಿಕೊಂಡಿದ್ದಾರೆ. ಹಾಗಾಗಿ ಹಿಲ್ಡೆಗಾರ್ಡ್ ಅವರ ಭಕ್ತಿಗಾಯನವೂ ನಿಮ್ಮ ಮಂಡಳಿ ಈಗ ಹಾಡುವ ರೀತಿಯಲ್ಲೇ ಇತ್ತು, ಎಲ್ಲರೂ ಸೇರಿ ಒಂದು ಸಾಲು.

ಈ ತಾಯಿಯ ಬದುಕಿನ ಕೊನೆಯ ಒಂದು ಪ್ರಸಂಗ ನಿಮ್ಮ ಮಂಡಳಿಯವರಿಗೆ ಹೇಳಬೇಕಾದದ್ದು. 1178ರಲ್ಲಿ ಆಕೆಯ ಮಠದ ಮೇಲೆ ಮೈಂಜ್ ನಗರದ ಧರ್ಮಾಧಿಕಾರಿಗಳು ನಿರ್ಬಂಧ ಹೇರಿದರು. ಬಹಿಷ್ಕೃತನೆಂದು ಅವರು ಎಣಿಸಿದ್ದ ಒಬ್ಬನಿಗೆ ಮಠದ ನೆಲದಲ್ಲಿ ಮಣ್ಣು ಕೊಟ್ಟದ್ದು ಕಾರಣ. ಸನ್ಯಾಸಿನಿಯರು ಹಾಡುವಂತಿಲ್ಲ, ಪ್ರಾರ್ಥನೆಯನ್ನು ತಗ್ಗಿದ ದನಿಯಲ್ಲಿ ಓದಿಕೊಳ್ಳಬೇಕು ಎಂದು ಆಜ್ಞೆಯಾಯಿತು. ಎಂಬತ್ತರ ಆ ಹಿರಿಯೆ ಹೆಣವನ್ನು ಹೊರಗೆ ತೆಗೆಸಲೂ ಒಪ್ಪಲಿಲ್ಲ, ಹಾಡು ನಿಂತದ್ದನ್ನು ಸಹಿಸಿಕೊಂಡು ಸುಮ್ಮನಿರಲೂ ಇಲ್ಲ. ದೇವರ ಸ್ತುತಿಯನ್ನು ಬಾಯಿಂದ ಕಿತ್ತುಕೊಳ್ಳುವವರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂಬ ಅರ್ಥದ ದೀರ್ಘ ಪತ್ರ ಬರೆದರು. ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ನಿರ್ಬಂಧ ತೆರವಾಯಿತು. ಸಾಮೂಹಿಕ ಗಾಯನವನ್ನು ಇಷ್ಟು ಗಂಭೀರವಾಗಿ ಬದುಕಿದವರ ಹಾಡನ್ನು ನೀವು ಕೇಳಿದ್ದೀರಿ.

ಹಲವು ದನಿಗಳ ಪದ್ಧತಿ ಯುರೋಪಿನಲ್ಲಿ ನಿಧಾನವಾಗಿ ಬೆಳೆಯಿತು. ಒಂಬತ್ತನೆಯ ಶತಮಾನದ ಒಂದು ಲ್ಯಾಟಿನ್ ಸಂಗೀತ ಪಾಠಗ್ರಂಥದಲ್ಲಿ ಎರಡನೆಯ ದನಿಯ ವಿವರ ಸಿಗುತ್ತದೆ. ಮೂಲ ಸಾಲಿನಿಂದ ಮಧ್ಯಮದಷ್ಟು ಇಲ್ಲವೇ ಪಂಚಮದಷ್ಟು ಅಂತರ ಕಾಯ್ದುಕೊಂಡು ಅದರ ಜೊತೆಜೊತೆಗೇ ಸಾಗುವ ದನಿ ಅದು. ಹನ್ನೆರಡನೆಯ ಶತಮಾನ ಮುಗಿಯುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಪೆರೊಟಾನ್ ನಾಲ್ಕು ದನಿಗಳ ರಚನೆ ಮಾಡುತ್ತಿದ್ದರು. ಅಲ್ಲಿ ಹಳೆಯ ಪದದ ಒಂದೊಂದು ಸ್ವರವನ್ನು ಕೆಳಗಿನವರು ಬಹಳ ಹೊತ್ತು ಹಿಡಿದು ನಿಲ್ಲುತ್ತಾರೆ, ಮೇಲಿನ ಮೂರು ದನಿಗಳು ಅದರ ಮೇಲೆ ಸಂಚರಿಸುತ್ತವೆ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಪರಕೀಯ ಎನಿಸುವುದೇ ಇಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಅವರಿಗೆ ಹಳೆಯ ಧಾಟಿಯೇ ಸ್ವರಲಿಪಿಯಲ್ಲಿ ಸಿಕ್ಕಿದೆ. ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಗ್ರೆಗೋರಿಯನ್ ಗಾಯನದ, ಅಂದರೆ ಚರ್ಚಿನ ಹಳೆಯ ಒಂದೇ ದನಿಯ ಲ್ಯಾಟಿನ್ ಗಾಯನದ, ಧಾಟಿಗಳನ್ನು ಶುದ್ಧ ಮಾಡಿದರು. ನಮ್ಮ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಶ್ರಮದಲ್ಲಿ ಎರಡೂ ಸರಿಸಮ. ಆದರೆ ಹಳಕಟ್ಟಿಯವರ ತಾಡೋಲೆಗಳಲ್ಲಿ ಇದ್ದದ್ದು ಮಾತು ಮಾತ್ರ. ಬಸವಣ್ಣನವರು ತಮ್ಮ ವಚನವನ್ನು ಯಾವ ಧಾಟಿಯಲ್ಲಿ ಹೇಳುತ್ತಿದ್ದರು ಎಂಬ ಗುರುತು ಒಂದೂ ಇಲ್ಲ. ಇಂದು ನಾವು ವಚನಗಾಯನ ಎಂದು ಕೇಳುವುದೆಲ್ಲ ಇಪ್ಪತ್ತನೆಯ ಶತಮಾನದ ಕೊಡುಗೆ. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ, ಬಸವರಾಜ ರಾಜಗುರು ಮುಂತಾದವರು ಹಿಂದೂಸ್ತಾನಿ ರಾಗಗಳಲ್ಲಿ ಕೂಡಿಸಿ ಕೊಟ್ಟ ಕೊಡುಗೆ ಅದು.

ಮಾಸ್ತರರಿಗೆ ಇದನ್ನು ವಿನಯದಿಂದ ಹೇಳಿ. ವಚನಕ್ಕೂ ಅದರ ರಾಗಕ್ಕೂ ನಡುವೆ ಎಂಟು ಶತಮಾನಗಳ ಅಂತರವಿದೆ. ಆ ಹಿರಿಯರು ಹೊಸದಾಗಿ ಕೂಡಿಸಿದ್ದನ್ನು ನಾವು ಪರಂಪರೆ ಎಂದು ಒಪ್ಪಿಕೊಂಡಿದ್ದೇವೆ, ಒಪ್ಪಿಕೊಂಡದ್ದು ಸರಿಯೇ. ಇನ್ನೊಂದು ಬಗೆಯಲ್ಲಿ ಕೂಡಿಸುವುದಕ್ಕೂ ಅಲ್ಲಿ ಜಾಗವಿದೆ. ಒಂದು ಮಾತ್ರ ನೆನಪಿರಲಿ. ಅವರೆಲ್ಲ ಖ್ಯಾಲ್ ಗಾಯಕರು, ಅವರ ವಚನಗಾಯನ ಒಬ್ಬರ ಮನೋಧರ್ಮದ ಮೇಲೆ ನಿಂತದ್ದು. ಮನಸೂರರು ಒಂದು ಸಾಲನ್ನು ಮೂರನೆಯ ಸಲ ಹೇಳುವಾಗ ಎಲ್ಲಿ ತಿರುಗಿಸುತ್ತಾರೆ ಎಂಬುದು ಅವರಿಗೇ ಆ ಕ್ಷಣದಲ್ಲಿ ಹೊಳೆಯುವ ಸಂಗತಿ. ಇಪ್ಪತ್ನಾಲ್ಕು ಮಂದಿ ಅದನ್ನು ಅನುಕರಿಸಲು ಹೋದರೆ ತಾನ (ಸ್ವರಗಳ ವೇಗದ ಓಟ), ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವುದು) ಎಲ್ಲ ಕಲಸಿಹೋಗುತ್ತವೆ. ಭಜನಾ ಮಂಡಳಿಗಳಲ್ಲಿ ನಾನು ಕೇಳುವ ತೊಡಕು ಬಹುಪಾಲು ಇದೇ. ಆದ್ದರಿಂದ ಕ್ಯಾಸೆಟ್ಟಿನ ಧಾಟಿಯನ್ನು ಹಾಗೇ ಎತ್ತಿಕೊಂಡು ಅದಕ್ಕೆ ಎರಡನೆಯ ದನಿ ಹೊಲಿಯಬೇಡಿ. ನೇರವಾದ, ಕಡಿಮೆ ಸ್ವರಗಳ, ಮೀಂಡಿಲ್ಲದ ಹೊಸ ಸಾಲು ಕಟ್ಟಿಕೊಳ್ಳಿ.

ಇಲ್ಲೊಂದು ಪಕ್ಕದ ಮಾತು. ಶರಣರ ಸಾಹಿತ್ಯದಲ್ಲಿ ‘ಸ್ವರವಚನ’ ಎಂಬ ಪ್ರಕಾರವೇ ಬೇರೆ ಇದೆ. ಅವುಗಳಿಗೆ ಪಲ್ಲವಿ ಇದೆ, ನುಡಿಗಳಿವೆ, ತಲೆಯ ಮೇಲೆ ರಾಗತಾಳದ ಹೆಸರೂ ಇರುತ್ತದೆ. ಧಾಟಿ ಮಾತ್ರ ಕೈಗೆ ಬಂದಿಲ್ಲ. (ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ‘ನವರಸ’ದ ಹಾಡುಗಳದ್ದೂ ಇದೇ ಸ್ಥಿತಿ. ರಾಗದ ಹೆಸರುಂಟು, ಸ್ವರವಿಲ್ಲ.) ಸಮೂಹಕ್ಕೆ ಇವು ಬಹಳ ಒಗ್ಗುತ್ತವೆ. ಆದರೂ ಮಂಡಳಿಗಳು ಇವನ್ನು ಮುಟ್ಟುವುದೇ ಇಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ. ವಚನ ಸಂಪುಟಗಳ ಜೊತೆ ಸ್ವರವಚನಗಳನ್ನೂ ಹುಡುಕಿ ತರಿಸಿಕೊಳ್ಳಿ.

ಈಗ ಪ್ಯಾರ್ಟ್ ಅವರ ವಿಷಯ. ನಮಗೆ ಬೇಕಾದ ಪಾಠ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಪ್ಪತ್ತನೆಯ ಶತಮಾನದಲ್ಲಿ ಮಧ್ಯಯುಗದ ಪದಗಳ ಕಡೆ ತಿರುಗಿದವರು ಹಲವರು. ಬ್ರಿಟನ್ ಎಂಬ ಇಂಗ್ಲಿಷ್ ಸಂಗೀತಕಾರರು 1942ರಲ್ಲಿ ಅಮೆರಿಕದಿಂದ ಮರಳುವ ಹಡಗಿನಲ್ಲಿ ಕೂತು, ಹಳೆಯ ಇಂಗ್ಲಿಷ್ ಕ್ರಿಸ್ಮಸ್ ಪದಗಳನ್ನು ಎಳೆಯ ದನಿಗಳಿಗೂ ಹಾರ್ಪ್ ವಾದ್ಯಕ್ಕೂ ಹೊಂದಿಸಿದರು. ಅದರ ಮೊದಲಲ್ಲೂ ಕೊನೆಯಲ್ಲೂ ಹಾಡುವವರು ಒಂದೇ ದನಿಯ ಹಳೆಯ ಪದ ಹೇಳುತ್ತ ನಡೆದು ಬರುತ್ತಾರೆ, ನಡೆದು ಹೋಗುತ್ತಾರೆ. ಫ್ರಾನ್ಸಿನ ಡ್ಯೂರುಫ್ಲೇ ಬಾಲ್ಯದಲ್ಲೇ ಕ್ಯಾಥೆಡ್ರಲ್‌ನ ಗಾಯಕವೃಂದದಲ್ಲಿ ಗ್ರೆಗೋರಿಯನ್ ಹಾಡಿ ಬೆಳೆದವರು. 1947ರ ತಮ್ಮ ‘ರೆಕ್ವಿಯಂ’ನಲ್ಲಿ, ಅಂದರೆ ಸತ್ತವರಿಗಾಗಿ ಹಾಡುವ ಪೂಜೆಯಲ್ಲಿ, ಅವರು ಮೂಲ ಧಾಟಿಯನ್ನು ಮುರಿಯಲಿಲ್ಲ. ಅದರ ನಡಿಗೆಗೆ ತಕ್ಕಂತೆ ಮಾತ್ರೆಗಳ ಲೆಕ್ಕವನ್ನೇ ಸಾಲಿನಿಂದ ಸಾಲಿಗೆ ಬದಲಿಸುತ್ತ ಹೋದರು. ಎಸ್ಟೋನಿಯಾದ ಪ್ಯಾರ್ಟ್, 1935ರಲ್ಲಿ ಹುಟ್ಟಿದವರು, 1968ರ ನಂತರ ಹಲವು ವರ್ಷ ಬಹುತೇಕ ಬರೆಯುವುದನ್ನೇ ಬಿಟ್ಟು ಹಳೆಯ ಗಾಯನದ ಅಭ್ಯಾಸಕ್ಕೆ ಕೂತರು. 1976ರಲ್ಲಿ ಅವರು ಕಂಡುಕೊಂಡ ಪದ್ಧತಿ ಬಹಳ ಸರಳ. ಒಂದು ದನಿ ಸ್ವರದಿಂದ ಪಕ್ಕದ ಸ್ವರಕ್ಕೆ ಹೆಜ್ಜೆಯಿಡುತ್ತ ಸಾಗುತ್ತದೆ. ಜೊತೆಯ ದನಿ ಷಡ್ಜ, ಗಾಂಧಾರ, ಪಂಚಮ ಈ ಮೂರರಲ್ಲಿ ಹತ್ತಿರದ ಸ್ವರವನ್ನು ಮಾತ್ರ ಮುಟ್ಟುತ್ತದೆ. ಧಾಟಿ ಎಷ್ಟು ಹೆಜ್ಜೆ ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಆ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂಬುದು ನಿರ್ಧರಿಸುತ್ತದೆ. 1982ರ ‘ಪಾಸಿಯೊ’ದಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳೂ ಸ್ವರದ ಉದ್ದವನ್ನು ಹೇಳುತ್ತವೆ.

ಗಮನಿಸಿ, ಈ ಮೂವರೂ ಲಗಾಮನ್ನು ಮಾತಿನ ಕೈಗೆ ಕೊಟ್ಟರು. ನಮ್ಮಲ್ಲಿ ಈಗೀಗ ವೇದಿಕೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಕೀಬೋರ್ಡಿನವರು ಸಿನಿಮಾ ಹಾಡಿನ ಸ್ವರಗುಚ್ಛದ ಕಾರ್ಡ್‌ಗಳನ್ನು ಹಾಕುತ್ತಾರೆ, ಪ್ಯಾಡ್‌ನವರು ತಾಳ ಹೊಡೆಯುತ್ತಾರೆ, ವಚನ ಅದರ ಅಳತೆಗೆ ತನ್ನ ಕೈಕಾಲು ಕತ್ತರಿಸಿಕೊಳ್ಳುತ್ತದೆ. ಇದನ್ನು ಮಾಡಬೇಡಿ. ಎರಡನೆಯ ದನಿ ಹುಟ್ಟಬೇಕಾದದ್ದು ವಚನದ ಮಾತ್ರೆಯಿಂದ ಮತ್ತು ತಂಬೂರಿಯ ಶ್ರುತಿಯಿಂದ. ‘ತಾಳಮಾನ ಸರಿಸಮನರಿಯೆ’ ಎಂದು ಆರಂಭಿಸಿ ‘ಆನು ಒಲಿದಂತೆ ಹಾಡುವೆ’ ಎಂದು ಮುಗಿಸಿದ ಬಸವಣ್ಣನವರ ಮಾತಿಗೆ ಇದೊಂದೇ ನ್ಯಾಯವಾದ ದಾರಿ ಎಂದು ನನ್ನ ನಂಬಿಕೆ.

ಮಾತ್ರೆ ಎಂದೆನಲ್ಲ, ಬೋರ್ಡಿನ ಮೇಲೆ ಗುರು ಲಘು ಹಾಕಿಸಿದ ಕೈ ನಿಮ್ಮದು, ನಿಮಗೆ ಇದು ಸುಲಭ. ‘ಕೂಡಲಸಂಗಮದೇವಾ’ ಹಾಕಿ ನೋಡಿ. ಕೂಡಲ ನಾಲ್ಕು, ಸಂಗಮ ನಾಲ್ಕು, ದೇವಾ ನಾಲ್ಕು, ಒಟ್ಟು ಹನ್ನೆರಡು. ಅಕ್ಕನ ‘ಚೆನ್ನಮಲ್ಲಿಕಾರ್ಜುನ’ ಮೂರು, ಮೂರು, ನಾಲ್ಕು. ಅಲ್ಲಮನ ‘ಗುಹೇಶ್ವರಾ’ ಬರೀ ಆರು. ಮೂರು ಅಂಕಿತಗಳಿಗೆ ಮೂರು ಬೇರೆ ನಡಿಗೆ. ವಚನದ ಉಳಿದ ಸಾಲುಗಳು ಮಾತಿನಂತೆ ಹರಿದರೂ ಅಂಕಿತ ಬಂದಾಗ ಎಲ್ಲರೂ ಒಂದು ಅಳತೆಯ ಮೇಲೆ ಕೂಡಬಹುದು. ಸಾಲುಗಳನ್ನು ಒಬ್ಬಿಬ್ಬರು ತಾಳವಿಲ್ಲದೆ ಹೇಳಲಿ, ಅಂಕಿತಕ್ಕೆ ಇಪ್ಪತ್ನಾಲ್ಕೂ ದನಿ ಏಳಲಿ. ಎರಡನೆಯ ದನಿಯ ಮೊದಲ ಜಾಗ ಅಂಕಿತವೇ.

ಮೊದಲ ವಚನವಾಗಿ ‘ಎನ್ನ ಕಾಯವ ದಂಡಿಗೆಯ ಮಾಡಯ್ಯಾ’ ತೆಗೆದುಕೊಳ್ಳಿ. ಅದರ ಮೊದಲ ನಾಲ್ಕು ಸಾಲೂ ‘ಮಾಡಯ್ಯಾ’ ಎಂದೇ ಮುಗಿಯುತ್ತವೆ. ಮುಮ್ಮೇಳ ‘ಎನ್ನ ಶಿರವ ಸೋರೆಯ’ ಎನ್ನಲಿ, ಹಿಮ್ಮೇಳ ‘ಮಾಡಯ್ಯಾ’ ಎನ್ನಲಿ. ಇದನ್ನು ಯಾರೂ ಯುರೋಪಿನಿಂದ ಕಲಿಯಬೇಕಾಗಿಲ್ಲ. ಸೋಬಾನೆಯಲ್ಲಿ ಎರಡು ಗುಂಪಾಗಿ ಎತ್ತಿಕೊಳ್ಳುವುದು, ಬೀಸುಕಲ್ಲಿನ ಮುಂದೆ ತ್ರಿಪದಿಯನ್ನು ಒಬ್ಬಳು ಹೇಳಿ ಇನ್ನೊಬ್ಬಳು ಹಿಡಿಯುವುದು, ಗೀಗೀ ಪದದ ‘ಗೀ ಗೀ’ ಎಳೆತ, ಮೊಹರಮ್ಮಿನ ರಿವಾಯತ್ ಪದಗಳು, ಎಲ್ಲದರಲ್ಲೂ ಇದೇ ಇದೆ. ಯುರೋಪಿನ ಮಠಗಳಲ್ಲೂ ಕೀರ್ತನೆಗಳನ್ನು ಎದುರುಬದುರು ನಿಂತ ಎರಡು ಸಾಲಿನವರು ಸರದಿಯಂತೆ ಹೇಳುತ್ತಿದ್ದರು. ನಿಮ್ಮ ಮಂಡಳಿಯನ್ನೂ ಎರಡು ಭಾಗ ಮಾಡಿ ಎದುರುಬದುರು ನಿಲ್ಲಿಸಿ. ಒಂದೇ ಸಾಲಿನಲ್ಲಿ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತರೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದಿಲ್ಲ.

ಶ್ರುತಿಯ ಸಂಗತಿ ನಿಮ್ಮ ಮಂಡಳಿಗೆ ಅದೃಷ್ಟದಂತೆ ಒದಗಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಾಳಿ ನಾಲ್ಕರಲ್ಲಿ (ಪೇಟಿಯ ನಾಲ್ಕನೆಯ ಕರಿ ಮನೆಯನ್ನು ಷಡ್ಜ ಮಾಡಿಕೊಂಡು), ಗಂಡಸರು ಕಾಳಿ ಒಂದರಲ್ಲಿ ಹಾಡುತ್ತಾರೆ. ಕಾಳಿ ಒಂದರ ಪಂಚಮವೇ ಕಾಳಿ ನಾಲ್ಕು. ಹಾಡನ್ನು ಕಾಳಿ ನಾಲ್ಕರಲ್ಲಿಡಿ. ಆರು ಗಂಡಸರಲ್ಲಿ ಮೂವರು ಆ ಷಡ್ಜವನ್ನು ಹಿಡಿಯಲಿ, ಅದು ಅವರ ಸ್ವಂತ ಪಂಚಮ, ಒತ್ತಡವಿಲ್ಲದೆ ಬರುತ್ತದೆ. ಉಳಿದ ಮೂವರು ಅದರ ಕೆಳಗಿನ ಪಂಚಮವನ್ನು ಹಿಡಿಯಲಿ. ‘ಆ’ಕಾರದಲ್ಲಿ, ಬಾಯಿ ದೊಡ್ಡದಾಗಿ ತೆರೆಯದೆ. ಮೂವರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಶ್ರುತಿ ಕಡಿಯುತ್ತದೆ. ಪಕ್ಕದವನು ಉಸಿರು ತೆಗೆಯುವಾಗ ತಾನು ಹಿಡಿದಿರಬೇಕು, ಮತ್ತೆ ಸೇರುವಾಗ ಸದ್ದಿಲ್ಲದೆ ಸೇರಬೇಕು. ಇದೊಂದು ಅಭ್ಯಾಸಕ್ಕೇ ಒಂದು ತಿಂಗಳು ಕೊಡಿ. ಇದು ಬಂದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ವಚನಗಳಿಗೆ ಶ್ರುತಿಯ ಮೇಲೊಂದು ಸಾಲು, ಇಷ್ಟೇ ಸಾಕು ಎಂದು ನಿಮಗೇ ಅನ್ನಿಸಬಹುದು. ನನಗೆ ಹಲವು ಸಲ ಹಾಗೆ ಅನ್ನಿಸಿದೆ.

ಅದರ ಮೇಲೆ ಪ್ಯಾರ್ಟ್ ಪದ್ಧತಿ. ರಾಗ ಭೂಪಾಲಿ ಇರಲಿ: ಸ ರಿ ಗ ಪ ಧ. ಮೊದಲ ಗುಂಪಿನ ಸಾಲು ‘ಸ ರಿ ಗ ಪ ಗ ರಿ ಸ’ ಎಂದಿದ್ದರೆ, ಎರಡನೆಯ ಗುಂಪು ಪ್ರತಿ ಸ್ವರಕ್ಕೂ ಅದರ ಮೇಲೆ ಹತ್ತಿರವಿರುವ ಸ, ಗ, ಪಗಳಲ್ಲಿ ಒಂದನ್ನು ಹಾಡುತ್ತದೆ. ಆಗ ಅವರ ಸಾಲು ‘ಗ ಗ ಪ ಸಾ ಪ ಗ ಗ’ ಆಗುತ್ತದೆ, ಸಾ ಎಂಬುದು ತಾರ ಷಡ್ಜ. ಹಾಡಿ ನೋಡಿ. ಭೂಪಾಲಿಯ ಹೊರಗಿನ ಒಂದು ಸ್ವರವೂ ಬಂದಿಲ್ಲ, ಆದರೂ ಎರಡು ದನಿ ನಿಂತಿದೆ. ಮಾಸ್ತರರು ಒಪ್ಪುವುದು ಇಲ್ಲಿಯೇ. ಮಾಲಕಂಸದಲ್ಲಿ ಪಂಚಮವಿಲ್ಲ, ಅಲ್ಲಿ ಜೊತೆಯ ದನಿ ಷಡ್ಜ, ಮಧ್ಯಮಗಳ ನಡುವೆ ಓಡಾಡಲಿ, ಶ್ರುತಿಯನ್ನೂ ಸ-ಮ ಮಾಡಿಕೊಳ್ಳಿ. ಹೀಗೆ ರಾಗವನ್ನು ಕೇಳಿಯೇ ದನಿ ಕಟ್ಟಬೇಕು.

ಮಾಸ್ತರರ ಭಯ ನಿಜವಾಗುವುದು ಪಂಚಮದ ಅಂತರದಲ್ಲಿ ಜೊತೆಜೊತೆಗೆ ಹಾಡಿದಾಗ. ಆ ಒಂಬತ್ತನೆಯ ಶತಮಾನದ ಪದ್ಧತಿಯನ್ನು ಭೂಪಾಲಿಗೆ ಹಾಕಿದರೆ ಮೇಲಿನ ಗುಂಪು ‘ಪ ಧ ನಿ ರಿ ಗ’ ಹಾಡಬೇಕಾಗುತ್ತದೆ. ಭೂಪಾಲಿಯಲ್ಲಿ ಇಲ್ಲದ ನಿಷಾದ ಒಳಗೆ ಬಂತು. ಯಮನ್‌ನಲ್ಲಿ ಇನ್ನೂ ಕಷ್ಟ, ತೀವ್ರ ಮಧ್ಯಮದ ಜೊತೆ ಕೋಮಲ ರಿಷಭ ಕೂತುಬಿಡುತ್ತದೆ. ಮೂಲ ಸಾಲಿನಲ್ಲಿ ಶುದ್ಧ ನಿಷಾದ ಇಲ್ಲದಿದ್ದರೆ ಖಮಾಜ್ ಇದನ್ನು ತಡೆದುಕೊಳ್ಳುತ್ತದೆ. ಗಾಂಧಾರಕ್ಕೆ ಜೊತೆಯಾಗಿ ಶುದ್ಧ ನಿಷಾದ ಬಂದರೂ ಆ ರಾಗಕ್ಕೆ ಎರಡೂ ನಿಷಾದ ಸಲ್ಲುತ್ತವೆ. ಅಂತೂ ಈ ಪದ್ಧತಿ ಬೇಕೆಂದರೆ ಅಂಕಿತದ ಒಂದು ಸಾಲಿಗೆ, ಅದೂ ಖಮಾಜ್‌ನಂಥ ರಾಗದಲ್ಲಿ, ಬಳಸಿ.

ಪೇಟಿಯ ಬಗ್ಗೆ ಒಂದು ಮಾತು, ಮಾಸ್ತರರು ಬೇಸರಪಡಬಾರದು. ಅರ್ಧ ಸ್ವರವನ್ನು ನೂರು ಸೆಂಟ್ ಎಂದು ಅಳೆಯುತ್ತಾರೆ. ತಂಬೂರಿಯ ಷಡ್ಜಕ್ಕೆ ಕಿವಿಗೊಟ್ಟು ಹಾಡುವವರ ಶುದ್ಧ ಗಾಂಧಾರ 386 ಸೆಂಟ್‌ನಲ್ಲಿ ನಿಲ್ಲುತ್ತದೆ. ಸಮನಾಗಿ ಹಂಚಿ ಕೂಡಿಸಿದ ಪೇಟಿಯ ಗಾಂಧಾರ 400. ಪಂಚಮದಲ್ಲಿ ಬರೀ ಎರಡು ಸೆಂಟ್ ವ್ಯತ್ಯಾಸ, ಅದು ಕಿವಿಗೆ ಹತ್ತುವುದಿಲ್ಲ. ಗಾಂಧಾರದ ಹದಿನಾಲ್ಕು ಸೆಂಟ್ ಮಾತ್ರ ಖಂಡಿತ ಕೇಳುತ್ತದೆ. ಒಬ್ಬರೇ ಹಾಡುವಾಗ ಇದು ದಾಟಿಹೋಗುತ್ತದೆ. ಒಂದು ಗುಂಪು ಸ, ಇನ್ನೊಂದು ಗ, ಮತ್ತೊಂದು ಪ ಹಿಡಿದು ನಿಂತಾಗ ಪೇಟಿ ಬಾರಿಸಿದರೆ ಇಡೀ ನಾದ ಕದಡುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿದ್ದಕ್ಕೆ ಹೇಳುತ್ತಿದ್ದ ಕಾರಣಗಳಲ್ಲಿ ಈ ಶ್ರುತಿಯ ತಕರಾರೂ ಒಂದು. ಸಾಲು ಕಲಿಸುವಾಗ ಪೇಟಿ ಇರಲಿ. ದನಿಗಳು ಕೂಡುವ ಹೊತ್ತಿಗೆ ಅದನ್ನು ಮುಚ್ಚಿ ತಂಬೂರಿ ಇಟ್ಟುಕೊಳ್ಳಿ, ಮೊಬೈಲಿನ ತಂಬೂರಿ ಆ್ಯಪ್ ಆದರೂ ನಡೆಯುತ್ತದೆ.

ಗೋಲಗುಮ್ಮಟದ ಆಸೆ ನನಗೆ ಅರ್ಥವಾಗುತ್ತದೆ, ಆದರೆ ವಚನಕ್ಕೆ ಅದು ಜಾಗವಲ್ಲ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟ ಒಂದು ಚಪ್ಪಾಳೆಯನ್ನು ಹಲವು ಸಲ ಬಿಡಿಬಿಡಿಯಾಗಿ ಹಿಂದಿರುಗಿಸುತ್ತದೆ. ‘ಮಾಡಯ್ಯಾ’ ಎಂಬುದು ಮರಳುವಷ್ಟರಲ್ಲಿ ಮುಂದಿನ ಸಾಲು ಶುರುವಾಗಿರುತ್ತದೆ, ಒಂದು ಅಕ್ಷರವೂ ತಿಳಿಯುವುದಿಲ್ಲ. ಜೊತೆಗೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಕಾರ್ಯಕ್ರಮಕ್ಕೆ ಅನುಮತಿ ಬೇಕು, ಪ್ರವಾಸಿಗರ ಕೂಗಂತೂ ನಿಲ್ಲುವುದಿಲ್ಲ. ಯುರೋಪಿನ ಕಲ್ಲಿನ ಚರ್ಚುಗಳಲ್ಲಿ ನಾದ ಬಿಡಿಯಾಗಿ ಮರಳದೆ ಕೆಲವು ಸೆಕೆಂಡು ಹರಡಿಕೊಂಡು ಕರಗುತ್ತದೆ, ನಿಧಾನದ ಗಾಯನ ಅಲ್ಲಿ ಅರಳಲು ಅದೊಂದು ಕಾರಣ. ನಿಮಗೆ ಬೇಕಾದದ್ದು ಅಂಥ ಚಿಕ್ಕ ಜಾಗ. ಊರ ಹಳೆಯ ಗುಡಿಯ ಕಲ್ಲುಕಂಬದ ಮಂಟಪ, ಮಠದ ಹಜಾರ, ಎತ್ತರದ ಮಾಡಿನ ಹಳೆಯ ಶಾಲೆಯ ಕೋಣೆ. ಮೈಕ್ ಬೇಡ. ಇಪ್ಪತ್ನಾಲ್ಕು ದನಿಗೆ ಮೈಕ್ ಯಾಕೆ? ಸೌಂಡ್‌ನವರು ಹಾಕುವ ಕೃತಕ ಎಕೋ ಅಂತೂ ಖಂಡಿತ ಬೇಡ.

ಪೇಟಿ ಮಾಸ್ತರರಿಗೆ ಒಂದು ಕೆಲಸ ವಹಿಸಿ. ಅಭ್ಯಾಸದ ಹೊತ್ತಿನಲ್ಲಿ ಅವರು ಪೇಟಿ ಬಿಟ್ಟು ಹತ್ತು ಮಾರು ದೂರ ಹೋಗಿ ಕೂರಲಿ. ಎಲ್ಲಿ ಮಾತು ತಿಳಿಯಲಿಲ್ಲ, ಎಲ್ಲಿ ರಾಗಕ್ಕೆ ಸಲ್ಲದ ಸ್ವರ ನುಸುಳಿತು, ಎಲ್ಲಿ ಗಂಡಸರ ಶ್ರುತಿ ಇಳಿಯಿತು, ಮೂರನ್ನೂ ವಚನದ ಪ್ರತಿಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಲಿ. ಮಾತು ತಿಳಿಯದ ಕಡೆ ಎರಡನೆಯ ದನಿಯನ್ನು ತೆಗೆದುಬಿಡಿ. ಶ್ರುತಿ ಇಳಿದ ಕಡೆ ಸಾಲು ಉದ್ದವಾಗಿದೆ ಎಂದರ್ಥ, ಅಲ್ಲೊಂದು ಉಸಿರಿನ ಜಾಗ ಮಾಡಿ. ಮೊದಲ ವಚನ ನಿಲ್ಲುವವರೆಗೆ ಎರಡನೆಯದನ್ನು ಎತ್ತಿಕೊಳ್ಳಬೇಡಿ.